ಮಾತು ಕಲಿತ ಕಿರುಚಿತ್ರಗಳಲ್ಲಿ ಯಾರಿದ್ದರು, ಯಾರ ಮಾತಿತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಟಾಕಿ ಯುಗದ ಆರಂಭದ ಅಮೆರಿಕನ್ ಕಿರುಚಿತ್ರಗಳನ್ನು ಗೆಳೆಯರಿಗೆ ತೋರಿಸುವ ಹುಚ್ಚು ನನಗೆ ಹಲವು ವರ್ಷಗಳಿಂದ ಇದೆ. ಚಿತ್ರ ಮುಗಿದು ದೀಪ ಹತ್ತಿದ ಕೂಡಲೇ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳಲ್ಲಿ ನನ್ನ ಮೆಚ್ಚುಗೆಯೂ ಸಿಟ್ಟೂ ಬೆರೆತಿವೆ. ಸೋಸಿ ತೆಗೆಯಲು ಹೋಗಿಲ್ಲ.

ಯಾವ ಕಾಲದ, ಎಂಥ ಚಿತ್ರಗಳ ಮಾತು ಇದು?

ಸುಮಾರು 1923ರಿಂದ 1935ರವರೆಗಿನ, ಒಂದು ಅಥವಾ ಎರಡು ರೀಲಿನ ಚಿತ್ರಗಳು. ಒಂದು ರೀಲು ಎಂದರೆ ಹತ್ತು ನಿಮಿಷ, ಎರಡು ಎಂದರೆ ಇಪ್ಪತ್ತು. ಆಗ ಟಿಕೆಟು ಕೊಂಡವನಿಗೆ ಬರೀ ಒಂದು ಸಿನಿಮಾ ತೋರಿಸಿ ಕಳಿಸುತ್ತಿರಲಿಲ್ಲ. ವಾರ್ತಾಚಿತ್ರ, ಕಾರ್ಟೂನ್, ಒಂದು ಹಾಡು ಕುಣಿತದ ತುಣುಕು, ಒಂದು ಹಾಸ್ಯದ ತುಣುಕು, ಆಮೇಲೆ ದೊಡ್ಡ ಚಿತ್ರ. ಊಟದಲ್ಲಿ ಅನ್ನ ಬರುವ ಮುನ್ನ ಎಲೆಯ ಮೇಲೆ ಬೀಳುವ ಕೋಸಂಬರಿ, ಪಲ್ಯಗಳ ಹಾಗೆ. ಯಾರೂ ಅವುಗಳಿಗಾಗಿಯೇ ಬರುತ್ತಿರಲಿಲ್ಲ, ಇಲ್ಲದಿದ್ದರೆ ಮಾತ್ರ ಗೊಣಗುತ್ತಿದ್ದರು.

ಮೊದಲ ಟಾಕಿ ‘ದಿ ಜಾಝ್ ಸಿಂಗರ್’ ಅಲ್ಲವೇ? ಅದು 1927ರದು.

ಅದು ದೊಡ್ಡ ಚಿತ್ರಗಳ ಲೆಕ್ಕ. ಕಿರುಚಿತ್ರಗಳು ಅದಕ್ಕೂ ನಾಲ್ಕು ವರ್ಷ ಮೊದಲೇ ಮಾತನಾಡಿದ್ದವು. 1923ರ ಏಪ್ರಿಲ್ 15ರಂದು ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರದಲ್ಲಿ ಲೀ ಡಿ ಫಾರೆಸ್ಟ್ ಎಂಬ ಸಂಶೋಧಕ ತನ್ನ ‘ಫೋನೋಫಿಲ್ಮ್’ ಕಿರುಚಿತ್ರಗಳನ್ನು ಜನರಿಗೆ ತೋರಿಸಿದ. ಅದೇ ವರ್ಷ ಅವನ ಕ್ಯಾಮೆರಾದ ಮುಂದೆ ನೋಬಲ್ ಸಿಸಲ್ ಹಾಡಿದ, ಯೂಬಿ ಬ್ಲೇಕ್ ಪಿಯಾನೋ ನುಡಿಸಿದ. ಇಬ್ಬರೂ ಆಫ್ರಿಕನ್ ಅಮೆರಿಕನ್ನರು. ಎರಡು ವರ್ಷ ಹಿಂದೆ ‘ಷಫಲ್ ಅಲಾಂಗ್’ ಎಂಬ ನಾಟಕಕ್ಕೆ ಸಂಗೀತ ಕಟ್ಟಿ ಬ್ರಾಡ್‌ವೇ ರಂಗಭೂಮಿಯನ್ನು ಗೆದ್ದವರು. ಅಂದರೆ ಬೆಳ್ಳಿತೆರೆಯಿಂದ ಕೇಳಿದ ಮೊದಮೊದಲ ದನಿಗಳಲ್ಲಿ ಕಪ್ಪು ಜನರ ದನಿಯೂ ಇತ್ತು, ಮುಖಕ್ಕೆ ಮಸಿ ಬಳಿಯದೆ, ಕೋಡಂಗಿತನ ಮಾಡದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ‘ಆ ಕಾಲವೇ ಹಾಗಿತ್ತು, ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ’ ಎಂಬ ಸಮಾಧಾನವನ್ನು ಪ್ರತಿ ಸಲವೂ ಯಾರಾದರೊಬ್ಬರು ಹೇಳುತ್ತಾರೆ. ಬೇರೆ ದಾರಿ ಮೊದಲ ದಿನವೇ ಗೊತ್ತಿತ್ತು.

ಹಾಗಾದರೆ ಮುಂದೆ ಏನಾಯಿತು?

1926ರ ಆಗಸ್ಟ್ 6ರಂದು ವಾರ್ನರ್ ಸಹೋದರರು ‘ವೈಟಾಫೋನ್’ ಎಂಬ, ಚಿತ್ರಕ್ಕೆ ದನಿ ಕೂಡಿಸುವ ವಿಧಾನವನ್ನು ತಂದರು. ಅಂದಿನ ಕಾರ್ಯಕ್ರಮ ನೋಡಿದರೆ ವಲಸೆ ಬಂದವರ ಮೆರವಣಿಗೆಯಂತಿದೆ. ಇಟಲಿಯ ಗಾಯಕ ಜೊವಾನಿ ಮಾರ್ಟಿನೆಲ್ಲಿ. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಯಹೂದಿ ಪಿಟೀಲುಗಾರರಾದ ಮಿಷಾ ಎಲ್ಮನ್, ಎಫ್ರೆಮ್ ಜಿಂಬಲಿಸ್ಟ್. ಸ್ಪೇನ್ ಮೂಲದ ಕ್ಯಾನ್ಸಿನೋ ನೃತ್ಯ ತಂಡ (ಮುಂದೆ ರೀಟಾ ಹೇವರ್ತ್ ಎಂದು ಹೆಸರಾದ ತಾರೆಯ ಮನೆತನ). ಹವಾಯಿಯ ಗಿಟಾರನ್ನು ನುಡಿಸಿದವನು ಮಾತ್ರ ಪೆನ್ಸಿಲ್ವೇನಿಯಾದ ಬಿಳಿಯ, ರಾಯ್ ಸ್ಮೆಕ್. ಕಪ್ಪು ಕಲಾವಿದ ಒಬ್ಬನೂ ಇಲ್ಲ.

ಎರಡು ತಿಂಗಳ ನಂತರ ಅಕ್ಟೋಬರಿನಲ್ಲಿ ವೈಟಾಫೋನಿನ ಎರಡನೆಯ ಕಾರ್ಯಕ್ರಮ. ಆಗ ತೆರೆಯ ಮೇಲೆ ಕಪ್ಪು ಮುಖ ಬಂತು. ಹತ್ತಿ ಹೊಲ, ಗುಡಿಸಲು, ಹರಕು ಅಂಗಿ. ಆದರೆ ಮಸಿ ಬಳಿದ ಆ ಮುಖದ ಹಿಂದೆ ಇದ್ದವನು ಲಿಥುವೇನಿಯಾದಿಂದ ಬಂದ ಯಹೂದಿ ಗಾಯಕ ಅಲ್ ಜೋಲ್ಸನ್. ಚಿತ್ರದ ಹೆಸರು ‘ಎ ಪ್ಲಾಂಟೇಷನ್ ಆಕ್ಟ್’. ಹೊರಗಿನವನೊಬ್ಬ ಇನ್ನೂ ಹೊರಗಿನವನ ವೇಷ ತೊಟ್ಟು ಒಳಗಿನವನಾದ ಕಥೆ ಇದು. ಅಮೆರಿಕನ್ ವಿದ್ವಾಂಸರು ಇದರ ಬಗ್ಗೆ ರಾಶಿ ಬರೆದಿದ್ದಾರೆ.

ಮುಖಕ್ಕೆ ಬಣ್ಣ ಹಚ್ಚುವುದು ನಮ್ಮ ಯಕ್ಷಗಾನದಲ್ಲೂ ಇದೆ. ಅದರಲ್ಲಿ ತಪ್ಪೇನು?

ಈ ಪ್ರಶ್ನೆ ಕರಾವಳಿಯ ಕಡೆಯವರು ಯಾರಾದರೂ ಇದ್ದರೆ ತಪ್ಪದೆ ಬರುತ್ತದೆ, ಮತ್ತು ಒಳ್ಳೆಯ ಪ್ರಶ್ನೆ. ಬಣ್ಣದ ವೇಷದ ಮುಖ ಹೊತ್ತು ಬೀದಿಯಲ್ಲಿ ಓಡಾಡುವ, ಆ ಮುಖದ ಕಾರಣಕ್ಕೆ ಕೆಲಸ ಸಿಗದ, ಹೋಟೆಲಿನಲ್ಲಿ ಜಾಗ ಸಿಗದ ಜನ ಯಾರೂ ಇಲ್ಲ. ಮುಖಕ್ಕೆ ಹಿಟ್ಟಿನ ಚಿಟ್ಟೆ ಇಟ್ಟ ರಾಕ್ಷಸ ಬೆಳಗಿನ ಜಾವ ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಬಂದು ಮುಖ ತೊಳೆದರೆ ಆ ಮುಖ ಲೋಕದಲ್ಲಿ ಇನ್ನೆಲ್ಲೂ ಉಳಿಯುವುದಿಲ್ಲ.

ಅಮೆರಿಕದ ಮಸಿ ವೇಷ ಹಾಗಲ್ಲ. ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದು, ತುಟಿಯ ಸುತ್ತ ಅಗಲವಾಗಿ ಬಿಳಿ ಬಿಟ್ಟು, ಗುಲಾಮರ ನಡಿಗೆ, ನುಡಿಯನ್ನು ಆಡಿಕೊಂಡು ನಗಿಸುವ ಆಟ 1830ರ ದಶಕದಿಂದ ಜನಪ್ರಿಯವಾಗಿತ್ತು. ಅದರಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಕಟ್ಟಿದ ಪಾತ್ರದ ಹೆಸರು ‘ಜಿಮ್ ಕ್ರೋ’. ಮುಂದೆ ಕಪ್ಪು ಜನರನ್ನು ಬೇರೆ ಬೋಗಿ, ಬೇರೆ ಶಾಲೆಗೆ ತಳ್ಳಿದ ಕಾನೂನುಗಳಿಗೆ ಅಂಟಿಕೊಂಡದ್ದು ಅದೇ ಹೆಸರು. ನಗೆಗೂ ಕಾನೂನಿಗೂ ಒಂದೇ ಹೆಸರಾದ ಮೇಲೆ ಅದನ್ನು ಬರೀ ವೇಷ ಎನ್ನಲಾಗದು.

ನಮ್ಮಲ್ಲಿ ಹೋಲಿಕೆ ಬೇಕೇ ಬೇಕಾದರೆ ಬಣ್ಣದ ವೇಷದಲ್ಲಿ ಹುಡುಕಬೇಡಿ. ಮನೆಗೆಲಸದವನ ಮಾತಿನ ಧಾಟಿಯನ್ನು ಅಣಕಿಸಿ ನಗಿಸುವ ಹಾಸ್ಯ ದೃಶ್ಯಗಳಲ್ಲಿ ಹುಡುಕಿ, ಬೇಗ ಸಿಗುತ್ತದೆ.

ಇನ್ನೊಂದು ತೊಡಕು: ಕಪ್ಪು ಕಲಾವಿದರೂ ಮಸಿ ಹಚ್ಚಿಕೊಂಡಿದ್ದಾರೆ. ಕಪ್ಪು ಜನರಿಗಾಗಿಯೇ ಚಿತ್ರ ತೆಗೆಯುತ್ತಿದ್ದ ಆಸ್ಕರ್ ಮಿಷೋ ಎಂಬ ಸ್ವತಂತ್ರ ನಿರ್ದೇಶಕನ ‘ದಿ ಡಾರ್ಕ್‌ಟೌನ್ ರೆವ್ಯೂ’ (1931) ಕಿರುಚಿತ್ರದಲ್ಲಿ ಏಮನ್ ಡೇವಿಸ್ ಮಸಿ ಬಳಿದುಕೊಂಡೇ ಹುಚ್ಚು ಪಾದ್ರಿಯ ಉಪದೇಶ ಮಾಡುತ್ತಾನೆ. ನಿರ್ದೇಶಕ, ನಟ ಇಬ್ಬರೂ ಕಪ್ಪು ಜನ. ನೋಡಿ ನಕ್ಕವರೂ ಬಹುಮಟ್ಟಿಗೆ ಅವರೇ. ಇದನ್ನು ಎಲ್ಲಿ ಇಡಬೇಕು ಎಂದು ನನಗೆ ಇನ್ನೂ ತೀರ್ಮಾನಿಸಲು ಆಗಿಲ್ಲ.

ದೊಡ್ಡ ಚಿತ್ರಗಳಲ್ಲಿ ಕಾಣದ ಜನ ಕಿರುಚಿತ್ರಗಳಲ್ಲಿ ಇಷ್ಟೊಂದು ಕಾಣುವುದೇಕೆ? ನಿರ್ಮಾಪಕರು ಉದಾರಿಗಳಾಗಿದ್ದರೇ?

ಉದಾರತೆಗೂ ಇದಕ್ಕೂ ಸಂಬಂಧವಿಲ್ಲ. ಮೊದಲ ಕಾರಣ ಭೂಗೋಳ. ವೈಟಾಫೋನಿನ ಕಿರುಚಿತ್ರಗಳ ದೊಡ್ಡ ಪಾಲು ತಯಾರಾದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಪ್ಯಾರಾಮೌಂಟಿನ ಸ್ಟುಡಿಯೋ ಕ್ವೀನ್ಸ್‌ನ ಆಸ್ಟೋರಿಯಾದಲ್ಲಿತ್ತು. ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್ ಅಲ್ಲಿಂದ ಕೂಗಳತೆ. ರಾತ್ರಿ ಕ್ಲಬ್ಬಿನಲ್ಲಿ ನುಡಿಸಿದ ವಾದ್ಯಗಾರರನ್ನು ಹಗಲು ಸ್ಟುಡಿಯೋಗೆ ಕರೆತಂದರೆ ಆಯಿತು. ಅಭ್ಯಾಸ ಬೇಡ, ಹೊಸ ಹಾಡು ಬೇಡ, ಒಂದೆರಡು ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ಎರಡನೆಯದು ಹಣ: ಹತ್ತು ನಿಮಿಷದ ಚಿತ್ರ ಸೋತರೆ ಯಾರ ಮನೆಯೂ ಮುಳುಗುವುದಿಲ್ಲ.

ನನ್ನ ಮಟ್ಟಿಗೆ ಮುಖ್ಯವಾದದ್ದು ಮೂರನೆಯ ಕಾರಣ. ಕಿರುಚಿತ್ರವನ್ನು ಕಾರ್ಯಕ್ರಮದಿಂದ ಕಿತ್ತು ಬದಿಗಿಡಬಹುದಿತ್ತು. ದಕ್ಷಿಣದ ರಾಜ್ಯಗಳ ಚಿತ್ರಮಂದಿರದ ಮಾಲೀಕನಿಗೆ ಕಪ್ಪು ವಾದ್ಯವೃಂದ ಬೇಡವೆನ್ನಿಸಿದರೆ ಆ ರೀಲನ್ನು ಡಬ್ಬಿಯಲ್ಲೇ ಬಿಟ್ಟು ಇನ್ನೊಂದನ್ನು ಹಾಕಿದರಾಯಿತು; ದೊಡ್ಡ ಚಿತ್ರದ ಕಥೆಗೆ ಏನೂ ಧಕ್ಕೆಯಿಲ್ಲ. ಅವರನ್ನು ಒಳಗೆ ಬಿಟ್ಟದ್ದು ಸುಲಭವಾಗಿ ಹೊರಗೆ ಹಾಕಬಹುದು ಎಂಬ ಧೈರ್ಯದಿಂದ. ಮನೆಗೆ ಬಂದವರನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಡುವುದು ನಮಗೆ ಗೊತ್ತಿಲ್ಲದ ಪದ್ಧತಿಯೇನಲ್ಲ.

ಒಂದೇ ಒಂದು ಚಿತ್ರ ನೋಡುವುದಾದರೆ?

‘ಸೇಂಟ್ ಲೂಯಿಸ್ ಬ್ಲೂಸ್’, 1929. ನಿರ್ದೇಶಕ ಡಡ್ಲಿ ಮರ್ಫಿ, ಬಿಳಿಯ. ಅವಧಿ ಹದಿನಾರು ನಿಮಿಷದ ಆಸುಪಾಸು. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಕಾಣಿಸಿಕೊಂಡ ಒಂದೇ ಚಿತ್ರ ಇದು. ಆಕೆ 1937ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಳು.

ಕಥೆ ಹೇಳಿಕೊಳ್ಳುವಂಥದ್ದಲ್ಲ. ಬಾಡಿಗೆ ಕೋಣೆಗಳ ವಠಾರ, ಪಡಸಾಲೆಯಲ್ಲಿ ದಾಳದ ಜೂಜು, ತನ್ನ ಗಂಡಸು ಇನ್ನೊಬ್ಬಳ ಜೊತೆ ಇರುವುದನ್ನು ಕಂಡ ಹೆಂಗಸು, ಹೊಡೆತ, ಅವನು ಹೊರಟುಹೋಗುವುದು. ಜೂಜುಕೋರ, ಕುಡುಕ, ಹೆಂಗಸಿನ ದುಡ್ಡಿನಲ್ಲಿ ಷೋಕಿ ಮಾಡುವವನು: ಕಪ್ಪು ಜನರ ಬಗ್ಗೆ ಬಿಳಿಯರ ಮನಸ್ಸಿನಲ್ಲಿದ್ದ ಹಳಸಲು ಅಚ್ಚುಗಳೆಲ್ಲ ಮೊದಲ ಐದು ನಿಮಿಷದಲ್ಲೇ ಬಂದುಹೋಗುತ್ತವೆ. ಇಲ್ಲಿಗೆ ಎದ್ದು ಹೋದವರನ್ನು ನಾನು ನೋಡಿದ್ದೇನೆ, ದೂರುವುದಿಲ್ಲ.

ಕೂತವರಿಗೆ ಮಾತ್ರ ಆಮೇಲಿನದು ಸಿಗುತ್ತದೆ. ನೆಲಕ್ಕೆ ಬಿದ್ದ ಬೆಸ್ಸಿ ಏಳದೆಯೇ, ಪಕ್ಕದಲ್ಲಿ ಬಾಟಲಿ ಇಟ್ಟುಕೊಂಡು ಒಂದು ಸಾಲು ಹಾಡುತ್ತಾಳೆ. ಹಿನ್ನೆಲೆ ವಾದ್ಯವಿಲ್ಲ. ಅದೇ ಸಾಲು ಹಿಡಿದು ದೃಶ್ಯ ಹೆಂಡದಂಗಡಿಗೆ ಹೊರಳುತ್ತದೆ. ಅವಳು ಕಟ್ಟೆಗೆ ಒರಗಿ ನಿಂತಿದ್ದಾಳೆ, ಸುತ್ತ ಕೂತಿರುವ ಗಿರಾಕಿಗಳು ಒಬ್ಬೊಬ್ಬರಾಗಿ ದನಿಗೂಡಿಸುತ್ತಾರೆ. ಗಿರಾಕಿಗಳ ವೇಷದಲ್ಲಿ ಇರುವವರು ಹಾಲ್ ಜಾನ್ಸನ್ ಗಾಯಕವೃಂದ. ಪಿಯಾನೋ ಜೇಮ್ಸ್ ಪಿ. ಜಾನ್ಸನ್‌ನದು, ಹಾಡು ಕಟ್ಟಿದ ಡಬ್ಲ್ಯು. ಸಿ. ಹ್ಯಾಂಡಿ ಚಿತ್ರದ ತಯಾರಿಯಲ್ಲೇ ಜೊತೆಗಿದ್ದ. ಅಂದರೆ ಕ್ಯಾಮೆರಾ ಬಿಳಿಯರದು, ಕಥೆಯ ಅಚ್ಚು ಬಿಳಿಯರದು, ಆದರೆ ಕಿವಿಗೆ ಬೀಳುವುದೆಲ್ಲ ಕಪ್ಪು ಜನ ತಮಗೆ ಬೇಕಾದಂತೆ ಕಟ್ಟಿದ್ದು. ಕಣ್ಣು ಮುಚ್ಚಿ ಕೇಳಿದರೆ ಒಂದು ಚಿತ್ರ, ಕಿವಿ ಮುಚ್ಚಿ ನೋಡಿದರೆ ಇನ್ನೊಂದು. ಈ ಕಾಲದ ಕಿರುಚಿತ್ರಗಳಲ್ಲಿ ಬಹುಪಾಲು ಹೀಗೆಯೇ ಎರಡಾಗಿ ಸೀಳಿವೆ.

2006ರಲ್ಲಿ ಇದನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿದರು.

ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಕೂಡ ನಟಿಸಿದ್ದಾನಂತೆ?

ಹೌದು, ತನ್ನ ಪಾತ್ರದಲ್ಲೇ. ‘ಬ್ಲ್ಯಾಕ್ ಅಂಡ್ ಟ್ಯಾನ್’ (1929) ಅದೇ ಡಡ್ಲಿ ಮರ್ಫಿಯ ಚಿತ್ರ. ಕಂತು ಕಟ್ಟದ ಎಲಿಂಗ್ಟನ್‌ನ ಪಿಯಾನೋ ಹೊತ್ತೊಯ್ಯಲು ಇಬ್ಬರು ಬರುತ್ತಾರೆ. ಓದು ಬಾರದವರು, ಸಾರಾಯಿ ಕಂಡರೆ ಕರಗುವವರು, ಹಳೆಯ ಅಚ್ಚಿನ ಬೊಂಬೆಗಳು. ಅವರ ಎದುರಿಗೇ ಸೂಟು ತೊಟ್ಟು, ತಗ್ಗಿದ ದನಿಯಲ್ಲಿ ಮಾತನಾಡುವ ಎಲಿಂಗ್ಟನ್ ಇದ್ದಾನೆ. ಒಂದೇ ಕೋಣೆಯಲ್ಲಿ ಎರಡು ಕಾಲ. ಜೊತೆಗೆ ಫ್ರೆಡಿ ವಾಷಿಂಗ್ಟನ್, ಆಕೆಯ ಮೊದಲ ಚಿತ್ರ. ಎದೆಬೇನೆಯಿದ್ದರೂ ಕುಣಿದು ಕುಸಿಯುವ ನರ್ತಕಿ.

ಫ್ರೆಡಿಯ ಮೈಬಣ್ಣ ಎಷ್ಟು ತಿಳಿಯಾಗಿತ್ತೆಂದರೆ, ನಾಲ್ಕು ವರ್ಷಗಳ ನಂತರ ಇದೇ ಮರ್ಫಿ ನಿರ್ದೇಶಿಸಿದ ‘ದಿ ಎಂಪರರ್ ಜೋನ್ಸ್’ ಚಿತ್ರದಲ್ಲಿ ಪಾಲ್ ರೋಬ್ಸನ್ ಜೊತೆ ನಟಿಸುವಾಗ ಆಕೆಯ ಮುಖಕ್ಕೆ ಗಾಢ ಬಣ್ಣ ಬಳಿದರು. ಕಪ್ಪು ಗಂಡಸಿನ ತೋಳಲ್ಲಿ ಬಿಳಿ ಹೆಂಗಸು ಇದ್ದಾಳೆಂದು ಪ್ರೇಕ್ಷಕರು ತಪ್ಪು ತಿಳಿದಾರು ಎಂಬ ಭಯ! ಕಪ್ಪು ನಟಿಗೆ ಕಪ್ಪಾಗಿ ಕಾಣಲು ಬಣ್ಣ. ಬಿಳಿಯಳೆಂದು ಹೇಳಿಕೊಂಡು ತಾರೆಯಾಗುವ ದಾರಿ ಆಕೆಗೆ ಇತ್ತು. ಹಿಡಿಯಲಿಲ್ಲ.

1935ರ ‘ಸಿಂಫನಿ ಇನ್ ಬ್ಲ್ಯಾಕ್’ ಇನ್ನೂ ಮುಂದಿನ ಹೆಜ್ಜೆ. ಪ್ಯಾರಾಮೌಂಟಿನದು, ನಿರ್ದೇಶಕ ಫ್ರೆಡ್ ವಾಲರ್. ಸಂಭಾಷಣೆಯೇ ಇಲ್ಲ. ಮೇಜಿನ ಮುಂದೆ ಕೂತು ಸ್ವರ ಬರೆಯುತ್ತಿರುವ ಸಂಯೋಜಕನಾಗಿ ಎಲಿಂಗ್ಟನ್. ಬರೆಯುವ ಕಪ್ಪು ಮನುಷ್ಯ! ಆ ಕಾಲದ ತೆರೆಯ ಮೇಲೆ ಅವನು ಹಾಡುತ್ತಾನೆ, ಕುಣಿಯುತ್ತಾನೆ, ಬಾಗಿಲು ತೆರೆಯುತ್ತಾನೆ, ಬರೆಯುವುದು ಅಪರೂಪ. ಇದರಲ್ಲೇ ಬೀದಿಯಲ್ಲಿ ತಳ್ಳಿಸಿಕೊಂಡು ಬಿದ್ದು ಹಾಡುವ ಎಳೆ ಹುಡುಗಿಯೇ ಮುಂದೆ ಹೆಸರಾಂತ ಜಾಝ್ ಗಾಯಕಿಯಾದ ಬಿಲ್ಲಿ ಹಾಲಿಡೇ.

‘ರೂಫಸ್ ಜೋನ್ಸ್ ಫಾರ್ ಪ್ರೆಸಿಡೆಂಟ್’ ಮಕ್ಕಳಿಗೆ ತೋರಿಸಬಹುದೇ?

ನೀವು ಪಕ್ಕದಲ್ಲಿ ಕೂತು ಮಾತನಾಡುವುದಾದರೆ ತೋರಿಸಿ. 1933ರ ವೈಟಾಫೋನ್ ಚಿತ್ರ, ನಿರ್ದೇಶಕ ರಾಯ್ ಮ್ಯಾಕ್. ತಾಯಿಯ ತೊಡೆಯ ಮೇಲೆ ನಿದ್ದೆ ಹೋದ ಕಪ್ಪು ಹುಡುಗ ಅಮೆರಿಕದ ಅಧ್ಯಕ್ಷನಾಗುವ ಕನಸು. ಹುಡುಗ ಏಳರ ಸ್ಯಾಮಿ ಡೇವಿಸ್ ಜೂನಿಯರ್, ತಾಯಿ ಎಥೆಲ್ ವಾಟರ್ಸ್. ಆ ಕನಸನ್ನು ಹಾಸ್ಯವಾಗಿಯೇ ಕಂಡದ್ದು: ಕಲ್ಲಂಗಡಿ, ಹಂದಿಮಾಂಸದ ಆಸೆಗೆ ಓಟು, ಸಂಸತ್ತಿನಲ್ಲಿ ದಾಳ. ಒಬ್ಬ ಕಪ್ಪು ಮನುಷ್ಯ ಅಧ್ಯಕ್ಷನಾಗುವುದು ಎಂಬ ಕಲ್ಪನೆಯೇ ಆಗ ಜೋಕು.

ಆದರೆ ಸ್ಯಾಮಿಯ ಕಾಲು ನೋಡಿ. ಆ ಏಳು ವರ್ಷದ ಕಾಲುಗಳು ಚಿತ್ರದ ಜೋಕಿಗೆ ಸಿಗುವುದೇ ಇಲ್ಲ.

ಒಂದು ವರ್ಷ ಹಿಂದಿನ ‘ಪೈ, ಪೈ ಬ್ಲ್ಯಾಕ್‌ಬರ್ಡ್’ ಚಿತ್ರವನ್ನೂ ಇದರ ಜೊತೆಗೇ ನೋಡಬೇಕು. ನರ್ತಕರಾದ ನಿಕೊಲಸ್ ಸಹೋದರರ ಮೊದಲ ಚಿತ್ರ, ಕಿರಿಯವನಿಗೆ ಹನ್ನೊಂದು. 1923ರಲ್ಲಿ ಪಿಯಾನೋದ ಮುಂದೆ ಗಂಭೀರವಾಗಿ ಕೂತಿದ್ದ ಯೂಬಿ ಬ್ಲೇಕ್ ಇಲ್ಲಿಯೂ ಇದ್ದಾನೆ, ತನ್ನ ಇಡೀ ವಾದ್ಯವೃಂದದೊಂದಿಗೆ. ಎಲ್ಲರಿಗೂ ಅಡುಗೆಯವನ ಟೋಪಿ. ಕೂತಿರುವುದು ದೊಡ್ಡದೊಂದು ಕಡುಬಿನ ಒಳಗೆ. ಒಂಬತ್ತು ವರ್ಷಗಳಲ್ಲಿ ತಂತ್ರಜ್ಞಾನ ಎಷ್ಟು ಮುಂದೆ ಹೋಗಿತ್ತು, ಬ್ಲೇಕ್‌ನನ್ನು ಎಲ್ಲಿ ಕೂರಿಸಿತ್ತು!

ಕಾರ್ಟೂನುಗಳಲ್ಲಿ ಮನುಷ್ಯರೇ ಇಲ್ಲವಲ್ಲ, ಅಲ್ಲೇನು ಪ್ರಾತಿನಿಧ್ಯ?

ಅಲ್ಲೇ ಹೆಚ್ಚು. ವಾರ್ನರ್ ಸಂಸ್ಥೆಯ ಕಾರ್ಟೂನುಗಳ ಮೊದಲ ನಾಯಕ ಬಾಸ್ಕೋನನ್ನು ನೋಡಿದವರು ಇಲಿಯೋ ಮಂಗನೋ ಎಂದುಕೊಳ್ಳುತ್ತಾರೆ. 1928ರಲ್ಲಿ ಹ್ಯೂ ಹಾರ್ಮನ್ ಹಕ್ಕುಸ್ವಾಮ್ಯಕ್ಕೆ ಅರ್ಜಿ ಹಾಕಿದಾಗ ಬರೆದದ್ದು ‘ನೀಗ್ರೋ ಹುಡುಗ’ ಎಂದು. 1929ರ ಮಾದರಿ ಚಿತ್ರದಲ್ಲಿ ಅವನ ಮಾತೂ ಮಸಿ ವೇಷದವರ ಧಾಟಿಯದೇ. ದೊಡ್ಡ ಕಣ್ಣು, ಅಗಲ ಬಾಯಿ, ಬಿಳಿ ಕೈಗವಸು: ಆ ಕಾಲದ ಕಾರ್ಟೂನ್ ಮುಖಗಳ ಮೇಲೆಲ್ಲ ಆ ಮಸಿಯಾಟದ ನೆರಳು ಬಿದ್ದಿದೆ.

ಡಿಸ್ನಿಯ ‘ಥ್ರೀ ಲಿಟಲ್ ಪಿಗ್ಸ್’ (1933) ಹಂದಿಮರಿಗಳ ಹಾಡಿಗೆ ಪ್ರಸಿದ್ಧ. ಮೊದಲ ಆವೃತ್ತಿಯಲ್ಲಿ ತೋಳ ಇಟ್ಟಿಗೆ ಮನೆಯ ಬಾಗಿಲು ತಟ್ಟುವುದು ಯಹೂದಿ ವ್ಯಾಪಾರಿಯ ವೇಷದಲ್ಲಿ. ಉದ್ದ ಮೂಗು, ಗಡ್ಡ, ಅಣಕದ ಉಚ್ಚಾರಣೆ. ಅದು ಹಿಟ್ಲರ್ ಗದ್ದುಗೆ ಏರಿದ ವರ್ಷ. 1948ರಲ್ಲಿ ಆ ಭಾಗವನ್ನು ಹೊಸದಾಗಿ ಬಿಡಿಸಿದರು.

ಕಾರ್ಟೂನ್ ತಯಾರಕರಾದ ಫ್ಲೈಷರ್ ಸಹೋದರರ ಕಥೆ ಬೇರೆ. ಅವರು ಯಹೂದಿ ವಲಸಿಗರ ಮಕ್ಕಳು, ಹಾರ್ಲೆಮಿನ ಸಂಗೀತದ ಹುಚ್ಚಿನವರು. 1932ರ ಬೆಟ್ಟಿ ಬೂಪ್ ಕಾರ್ಟೂನ್ ‘ಮಿನ್ನಿ ದಿ ಮೂಚರ್’ ಶುರುವಾಗುವುದೇ ಜಾಝ್ ಗಾಯಕ ಕ್ಯಾಬ್ ಕ್ಯಾಲೊವೇ ತನ್ನ ವಾದ್ಯವೃಂದದ ಮುಂದೆ ನಿಂತು ಮೈ ಬಳುಕಿಸುವ ನಿಜವಾದ ಚಿತ್ರಿಕೆಯಿಂದ. ಆಮೇಲೆ ಗುಹೆಯಲ್ಲಿ ಭೂತವೊಂದು ಹಾಡಿ ಕುಣಿಯುತ್ತದೆ. ಆ ಹೆಜ್ಜೆಗಳು ಕ್ಯಾಲೊವೇಯವೇ. ಅವನ ಚಿತ್ರದ ಮೇಲೆ ಗೆರೆ ಎಳೆದು ತೆಗೆದದ್ದು. ಚಂದವೂ ಇದೆ, ಗೌರವವೂ ಇದೆ. ಅದೇ ವರ್ಷ ಅದೇ ತಂಡ ಕಪ್ಪು ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್‌ನ ನಿಜವಾದ ತಲೆಯನ್ನು ಕತ್ತರಿಸಿ, ನರಭಕ್ಷಕನೊಬ್ಬನ ತಲೆಯ ಜಾಗದಲ್ಲಿ ಅಂಟಿಸಿ ಆಕಾಶದಲ್ಲಿ ಹಾರಿಸಿತು. ಒಂದೇ ಸ್ಟುಡಿಯೋ, ಒಂದೇ ವರ್ಷ. ‘ಇವರು ಒಳ್ಳೆಯವರೋ ಕೆಟ್ಟವರೋ’ ಎಂದು ಕೇಳುವವರಿಗೆ ನಾನು ಈ ಎರಡನ್ನೂ ಬೆನ್ನುಬೆನ್ನಿಗೆ ತೋರಿಸುತ್ತೇನೆ.

‘ಅವರ್ ಗ್ಯಾಂಗ್’ ಸರಣಿಯಲ್ಲಿ ಕಪ್ಪು, ಬಿಳಿ ಮಕ್ಕಳು ಒಟ್ಟಿಗೆ ಆಡುತ್ತಾರಲ್ಲ?

ಆಡುತ್ತಾರೆ, ಮತ್ತು ಅದು ಸಣ್ಣ ವಿಷಯವಲ್ಲ. ದಕ್ಷಿಣದಲ್ಲಿ ಆ ಮಕ್ಕಳು ಒಂದೇ ಬೆಂಚಿನ ಮೇಲೆ ಕೂರುವುದು ಕಾನೂನಿಗೆ ವಿರುದ್ಧವಾಗಿದ್ದ ಕಾಲ. ನಿರ್ಮಾಪಕ ಹಾಲ್ ರೋಚ್ 1922ರಲ್ಲಿ ಶುರುಮಾಡಿದ ಮಕ್ಕಳ ಹಾಸ್ಯ ಸರಣಿ, ಮಾತು ಬಂದದ್ದು 1929ರಲ್ಲಿ. ಮಾತಿನಿಂದ ಗೆದ್ದವನು ಸ್ಟೈಮಿ ಎಂಬ ಅಡ್ಡಹೆಸರಿನ ಮ್ಯಾಥ್ಯೂ ಬಿಯರ್ಡ್. ಬೋಳು ತಲೆ, ಅದರ ಮೇಲೆ ದೊಡ್ಡ ಟೋಪಿ, ಯಾರಿಗೂ ಸಿಕ್ಕಿಹಾಕಿಕೊಳ್ಳದ ನಾಲಿಗೆ. ಗುಂಪಿನ ಜಾಣ ಅವನೇ. ಅವನ ನಂತರ ಬಂದ ಬಕ್‌ವೀಟ್‌ಗೆ (ಬಿಲ್ಲಿ ಥಾಮಸ್) ಆ ಅದೃಷ್ಟವಿರಲಿಲ್ಲ. ತೊದಲು ನುಡಿಯನ್ನೇ ಅವನ ಗುರುತಾಗಿ ಮಾಡಿದರು. ಎದ್ದುನಿಂತ ತಲೆಗೂದಲು, ತೊದಲು ಎರಡೂ ಸೇರಿ ಅವನ ಹೆಸರು ಮುಂದೆ ಬೈಗುಳವಾಯಿತು. 1971ರಲ್ಲಿ ಟೆಲಿವಿಷನ್‌ಗಾಗಿ ಈ ಚಿತ್ರಗಳಿಗೆ ಕತ್ತರಿ ಹಾಕಿದರು.

ಹೆಂಗಸರ ಕಥೆ?

ತೆರೆಯ ಮೇಲೆ ಚೆನ್ನಾಗಿಯೇ ಇದೆ. ‘ಲ್ಯಾಂಬ್‌ಚಾಪ್ಸ್’ (1929) ಚಿತ್ರದಲ್ಲಿ ಜಾರ್ಜ್ ಬರ್ನ್ಸ್ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುತ್ತಾನೆ, ನಗು ಸಂಪಾದಿಸುವವಳು ಗ್ರೇಸಿ ಅಲೆನ್. ಪೆದ್ದಿಯ ವೇಷದಲ್ಲಿ ಎಂಬ ಆಕ್ಷೇಪ ಸರಿ. ಆದರೆ ಅವಳ ತರ್ಕಕ್ಕೆ ಅವಳದೇ ವ್ಯಾಕರಣವಿದೆ. ಲಾರೆಲ್ ಮತ್ತು ಹಾರ್ಡಿಗೆ ಸಾಟಿಯಾಗಿ ಹಾಲ್ ರೋಚ್ 1931ರಲ್ಲಿ ಥೆಲ್ಮಾ ಟಾಡ್, ಜಾಸು ಪಿಟ್ಸ್ ಜೋಡಿ ಕಟ್ಟಿದ. ಬಾಡಿಗೆ ಮನೆ ಹಂಚಿಕೊಂಡ, ದುಡಿದು ತಿನ್ನುವ ಇಬ್ಬರು ಹೆಂಗಸರು. ಮುಂದೆ ಪಿಟ್ಸ್ ಜಾಗಕ್ಕೆ ಪ್ಯಾಟ್ಸಿ ಕೆಲ್ಲಿ ಬಂದಳು. 1935ರ ಡಿಸೆಂಬರಿನಲ್ಲಿ ಟಾಡ್ ಸಾವಿನೊಂದಿಗೆ ಆ ಜೋಡಿಯೂ ಮುಗಿಯಿತು.

ಕ್ಯಾಮೆರಾದ ಹಿಂದೆ? ಹಾಲಿವುಡ್ಡಿನ ಕಿರುಚಿತ್ರಗಳಲ್ಲಿ ಹುಡುಕಿ ಸುಸ್ತಾಗಬೇಕು. ಹೊರಗೆ ನೋಡಿದರೆ ಇದ್ದಾರೆ: ಜರ್ಮನಿಯಲ್ಲಿ ಕಪ್ಪು ಕಾಗದ ಕತ್ತರಿಸಿ ನೆರಳುಚಿತ್ರ ಮಾಡುತ್ತಿದ್ದ ಲೊಟ್ಟೆ ರೈನಿಗರ್, ನ್ಯೂಯಾರ್ಕಿನಲ್ಲಿ ಬೆಳಕಿಗೆ ಲಯ ಕೂಡಿಸಿದ ಮೇರಿ ಎಲೆನ್ ಬ್ಯೂಟ್. ಬ್ರಿಟನ್ನಿನ ರೂಬಿ ಗ್ರಿಯರ್‌ಸನ್ ಹೆಸರು ತೆರೆಯ ಮೇಲೆ ಬರದಿದ್ದರೂ ನನಗೆ ಅವರೆಲ್ಲರಿಗಿಂತ ಹತ್ತಿರ.

ರೂಬಿ ಗ್ರಿಯರ್‌ಸನ್ ಏನು ಮಾಡಿದಳು?

1935ರ ‘ಹೌಸಿಂಗ್ ಪ್ರಾಬ್ಲಮ್ಸ್’ ಎಂಬ ಹದಿನೈದು ನಿಮಿಷದ ಸಾಕ್ಷ್ಯಚಿತ್ರ. ನಿರ್ದೇಶಕರ ಹೆಸರು ಆರ್ಥರ್ ಎಲ್ಟನ್, ಎಡ್ಗರ್ ಆನ್‌ಸ್ಟಿ. ದುಡ್ಡು ಕೊಟ್ಟದ್ದು ಗ್ಯಾಸ್ ಕಂಪನಿಗಳ ಸಂಘ, ಹೊಸ ಮನೆ ಕಟ್ಟಿದರೆ ಗ್ಯಾಸ್ ಒಲೆ ಮಾರಾಟವಾಗುತ್ತದಲ್ಲ! ಲಂಡನ್ನಿನ ಸ್ಟೆಪ್ನಿಯ ಕೊಳೆಗೇರಿಯ ಜನ ತಮ್ಮ ಮನೆಯಲ್ಲೇ ನಿಂತು, ತಮ್ಮದೇ ಮಾತಿನಲ್ಲಿ, ಕ್ಯಾಮೆರಾ ನೋಡುತ್ತ ಇಲಿ, ತಿಗಣೆ, ಬಿದ್ದ ಮೆಟ್ಟಿಲಿನ ವಿಷಯ ಹೇಳುತ್ತಾರೆ. ಇಂದು ಟಿವಿಯಲ್ಲಿ ದಿನವೂ ನೋಡುವುದರಿಂದ ಇದರಲ್ಲೇನಿದೆ ಅನ್ನಿಸುತ್ತದೆ. ಅಂದು ಬಡವರ ಬಗ್ಗೆ ಮಾತನಾಡುತ್ತಿದ್ದವರು ಬೇರೆಯವರು. ಈ ಕ್ಯಾಮೆರಾ ನಿಮ್ಮದು, ಈ ಮೈಕು ನಿಮ್ಮದು, ಇಲ್ಲಿ ಬದುಕುವುದು ಹೇಗಿದೆಯೆಂದು ಆ ದರಿದ್ರದವರಿಗೆ ಹೇಳಿ ಎಂದು ರೂಬಿ ಅವರನ್ನು ಹುರಿದುಂಬಿಸಿದಳು ಎಂಬ ಮಾತು ಪ್ರಸಿದ್ಧ. ಪಾತ್ರವಾಗಿ ಕಾಣಿಸಿಕೊಳ್ಳುವುದಕ್ಕೂ ಸಾಕ್ಷಿಯಾಗಿ ಮಾತನಾಡುವುದಕ್ಕೂ ಇರುವ ದೂರ ಈ ಚಿತ್ರದಲ್ಲಿ ತಟ್ಟನೆ ತಿಳಿಯುತ್ತದೆ.

ಮೆಕ್ಸಿಕನ್ನರು, ಏಷ್ಯಾದವರು, ಬೇರೆ ಭಾಷೆಯವರು?

‘ಲಾ ಕುಕರಾಚಾ’ (1934) ನೋಡಿ. ಮೂರು ವರ್ಣಗಳ ಟೆಕ್ನಿಕಲರ್‌ನಲ್ಲಿ ಮೈದುಂಬಿ ಮಿನುಗುವ ಮೆಕ್ಸಿಕೋ, ಆಸ್ಕರ್ ಗೆದ್ದ ಚಿತ್ರ. ಮೆಕ್ಸಿಕನ್ ನಾಯಕಿ ಸ್ಟೆಫಿ ಡೂನಾ ಹುಟ್ಟಿದ್ದು ಬುಡಾಪೆಸ್ಟಿನಲ್ಲಿ. ಹೋಟೆಲು ಮಾಲೀಕ ಪಾಲ್ ಪೊರ್ಕಾಸಿ ಸಿಸಿಲಿಯವನು. ಬಣ್ಣಕ್ಕಾಗಿ ಇಷ್ಟು ಖರ್ಚು ಮಾಡಿದವರಿಗೆ ಊರಿನವರನ್ನು ಹುಡುಕುವುದು ಬೇಕೆನ್ನಿಸಲಿಲ್ಲ.

ನಗು ತರಿಸುವ ಸಂಗತಿಯೆಂದರೆ ಡಬ್ಬಿಂಗ್ ಇನ್ನೂ ಕೂಡಿಬರದ ದಿನಗಳಲ್ಲಿ ಲಾರೆಲ್ ಮತ್ತು ಹಾರ್ಡಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಆವೃತ್ತಿಗಳಲ್ಲಿ ತಾವೇ ನಟಿಸಿದ್ದು. ಭಾಷೆ ಗೊತ್ತಿಲ್ಲ, ಉಚ್ಚಾರಣೆಯನ್ನು ಕಪ್ಪು ಹಲಗೆಯ ಮೇಲೆ ಬರೆದು ಕ್ಯಾಮೆರಾದ ಪಕ್ಕ ಹಿಡಿಯುತ್ತಿದ್ದರು. ಅವರ ತಪ್ಪು ಉಚ್ಚಾರಣೆ ಆಯಾ ದೇಶದವರಿಗೆ ಇನ್ನಷ್ಟು ಹಿಡಿಸಿತು.

ಭಾರತ? ಕನ್ನಡ?

1931ರಲ್ಲಿ ಫಾಕ್ಸ್ ಮೂವಿಟೋನ್ ಎಂಬ ವಾರ್ತಾಚಿತ್ರ ಸಂಸ್ಥೆಯ ತಂಡ ಗುಜರಾತಿನ ಬೋರ್ಸದ್‌ಗೆ ಹೋಗಿ ಗಾಂಧೀಜಿಯನ್ನು ಮಾತನಾಡಿಸಿತು. ಉದ್ದುದ್ದ ಪ್ರಶ್ನೆಗಳಿಗೆ ಚುಟುಕು ಉತ್ತರ. ಮೂಕ ವಾರ್ತಾಚಿತ್ರಗಳಲ್ಲಿ ಪಾಶ್ಚಾತ್ಯರು ಕಂಡಿದ್ದ ತುಂಡುಬಟ್ಟೆಯ ಮನುಷ್ಯನಿಗೆ ಮೊದಲ ಬಾರಿ ದನಿ ಬಂತು. ಭಾರತದ ಕುರಿತ ಪ್ರವಾಸದ ಕಿರುಚಿತ್ರಗಳು ಆ ದಶಕದಲ್ಲಿ ಬೇಕಾದಷ್ಟು ಬಂದವು. ಅವುಗಳಲ್ಲಿ ಆನೆ, ದೇವಸ್ಥಾನ, ಸ್ನಾನಘಟ್ಟಗಳಿವೆ, ಮಾತೆಲ್ಲ ಹೊರಗಿನ ನಿರೂಪಕನದು. ಪಕ್ಕದ ಸಿಲೋನಿನ ‘ಸಾಂಗ್ ಆಫ್ ಸಿಲೋನ್’ (1934) ಅಷ್ಟರ ಮಟ್ಟಿಗೆ ಭಿನ್ನ: ಚಹಾ ವ್ಯಾಪಾರದವರ ದುಡ್ಡಿನಲ್ಲಿ ಬೇಸಿಲ್ ರೈಟ್ ತೆಗೆದರೂ ನಿರೂಪಣೆಯ ದನಿ ಆ ದ್ವೀಪದವನೇ ಆದ ಲಯೊನೆಲ್ ವೆಂಟ್‌ನದು. ಓದುವುದು ಮಾತ್ರ ಹದಿನೇಳನೆಯ ಶತಮಾನದ ಇಂಗ್ಲಿಷ್ ನಾವಿಕನೊಬ್ಬನ ಬರಹ!

ನಮ್ಮಲ್ಲಿ ಬಂಗಾಳಿಯ ಮೊದಲ ಟಾಕಿಯೆನ್ನುವ ‘ಜಾಮಾಯ್ ಷಷ್ಠಿ’ (1931) ಕಿರುಚಿತ್ರವೇ. ಕನ್ನಡ ತೆರೆಯ ಮೇಲೆ ಮಾತನಾಡಿದ್ದು 1934ರ ‘ಸತಿ ಸುಲೋಚನಾ’ದಲ್ಲಿ, ಅದು ಪೂರ್ಣ ಉದ್ದದ ಚಿತ್ರ.

ಮಾತು ಬಂದದ್ದರಿಂದ ಯಾರಿಗೂ ನಷ್ಟವಾಗಲಿಲ್ಲವೇ?

ಕಿವುಡರಿಗೆ ಆಯಿತು. ಇದನ್ನು ಸಿನಿಮಾ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ, ಕೆಲವು ಅದನ್ನೂ ಬರೆಯುವುದಿಲ್ಲ. ಮೂಕಿಯ ಕಾಲದಲ್ಲಿ ನಡುನಡುವೆ ಬರಹದ ಫಲಕ ಬರುತ್ತಿತ್ತು. ಕಿವಿ ಕೇಳುವವನೂ ಕೇಳದವನೂ ಒಂದೇ ಸಾಲಿನಲ್ಲಿ ಕೂತು ಒಂದೇ ಕ್ಷಣಕ್ಕೆ ನಗುತ್ತಿದ್ದರು. ಕಿವುಡ ನಟರೂ ಇದ್ದರು. ಕ್ಯೂಬಾದಲ್ಲಿ ಹುಟ್ಟಿದ ಎಮರ್‌ಸನ್ ರೊಮೆರೊ 1926ರಿಂದ 1928ರವರೆಗೆ ಟಾಮಿ ಆಲ್ಬರ್ಟ್ ಎಂಬ ಹೆಸರಿನಲ್ಲಿ ಕಿರುಹಾಸ್ಯಗಳಲ್ಲಿ ನಟಿಸಿದ. ಟಾಕಿ ಬಂತು, ಫಲಕ ಹೋಯಿತು, ಅವನ ಕೆಲಸವೂ ಹೋಯಿತು. ಪ್ರೇಕ್ಷಕನಾಗಿ ಕೂರುವ ಜಾಗವೂ ಹೋಯಿತು.

ಅವನು ಸುಮ್ಮನಿರಲಿಲ್ಲ. 1947ರಲ್ಲಿ ಹಳೆಯ ಚಿತ್ರಗಳ ಪ್ರತಿ ಕೊಂಡು, ಚೌಕಟ್ಟುಗಳ ನಡುವೆ ಬರಹ ಕತ್ತರಿಸಿ ಅಂಟಿಸಿ, ಕಿವುಡರ ಸಂಘಗಳಿಗೆ ಕಳಿಸತೊಡಗಿದ. ಓದುವಾಗ ಚಿತ್ರ ನಿಂತುಹೋಗುತ್ತಿತ್ತು, ಒರಟು ಕೆಲಸವೇ. ಆದರೂ ಇಂದು ನಿಮ್ಮ ಮೊಬೈಲಿನಲ್ಲಿ ಅಡಿಬರಹ ಒತ್ತುವ ಗುಂಡಿಯ ಹಿಂದೆ ಅವನ ಕತ್ತರಿ ಇದೆ.

1934ರ ನಂತರ ಏನು ಬದಲಾಯಿತು?

1930ರಲ್ಲೇ ಬರೆದಿಟ್ಟಿದ್ದ ನಿರ್ಮಾಣ ಸಂಹಿತೆಯನ್ನು (ತೆರೆಯ ಮೇಲೆ ಏನು ತೋರಿಸಬಾರದು ಎಂದು ಹಾಲಿವುಡ್ ತನಗೆ ತಾನೇ ಹಾಕಿಕೊಂಡ ಕಟ್ಟಳೆ) 1934ರ ಜುಲೈಯಿಂದ ಬಿಗಿಯಾಗಿ ಜಾರಿಗೆ ತಂದರು. ಕಪ್ಪು, ಬಿಳಿ ಜನರ ನಡುವೆ ಪ್ರಣಯ ಸಂಬಂಧ ತೋರಿಸುವಂತಿಲ್ಲ ಎಂದು ಅದರಲ್ಲಿ ನೇರವಾಗಿಯೇ ಇತ್ತು. ಜನಾಂಗದ ಅಣಕಕ್ಕೆ ಮಾತ್ರ ಅಂಥ ಬಿಗಿಯಿರಲಿಲ್ಲ. ಬೆಟ್ಟಿ ಬೂಪಳ ಲಂಗ ಉದ್ದವಾಯಿತು, ನರಭಕ್ಷಕರು ಹಾಗೆಯೇ ಉಳಿದರು. 1968ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ವಾರ್ನರ್ ಬಳಗದ ಹನ್ನೊಂದು ಕಾರ್ಟೂನುಗಳನ್ನು ಪ್ರಸಾರದಿಂದ ಹಿಂತೆಗೆದುಕೊಂಡಿತು. ಅವುಗಳಲ್ಲಿ ಹಳೆಯದು 1931ರದು.

ಇಂಥವನ್ನೆಲ್ಲ ಅಳಿಸಿಬಿಡುವುದು ಒಳ್ಳೆಯದಲ್ಲವೇ?

ಅಳಿಸಿದರೆ ಬೆಸ್ಸಿಯ ದನಿಯೂ ಸ್ಯಾಮಿಯ ಕಾಲೂ ಅಳಿಯುತ್ತವೆ. ಅಣಕಕ್ಕೊಂದು ಡಬ್ಬಿ, ಕಲೆಗೊಂದು ಡಬ್ಬಿ ಎಂದು ಅವರು ಬೇರೆ ಬೇರೆ ಇಟ್ಟಿರಲಿಲ್ಲ.

ಈ ಚಿತ್ರಗಳು ಉಳಿದದ್ದು ಹೇಗೆ?

ಅರ್ಧ ಅದೃಷ್ಟ, ಅರ್ಧ ಹಟ. ವೈಟಾಫೋನಿನ ಚಿತ್ರ ಒಂದು ಕಡೆ, ದನಿ ಇನ್ನೊಂದು ಕಡೆ. ದನಿ ಇದ್ದದ್ದು 16 ಇಂಚಿನ ಅರಗಿನ ತಟ್ಟೆಯ ಮೇಲೆ. ಮುಳ್ಳು ಒಳಗಿನಿಂದ ಹೊರಕ್ಕೆ ಸಾಗುತ್ತಿತ್ತು. ತಟ್ಟೆಯ ಮೇಲಿನ ಚೀಟಿಯಲ್ಲಿ ಪುಟ್ಟ ಚೌಕಗಳು. ಒಮ್ಮೆ ನುಡಿಸಿದರೆ ಒಂದು ಗುರುತು, ಇಪ್ಪತ್ತು ತುಂಬಿದರೆ ತಟ್ಟೆ ಬಿಸಾಡಬೇಕು. ಹಾಗೆ ಎಷ್ಟೋ ಚಿತ್ರಗಳು ಮೂಕವಾಗಿ ಉಳಿದವು, ಎಷ್ಟೋ ದನಿಗಳು ಕುರುಡಾಗಿ. 1991ರಲ್ಲಿ ರಾನ್ ಹಚಿನ್‌ಸನ್ ಮತ್ತು ಗೆಳೆಯರು ‘ವೈಟಾಫೋನ್ ಪ್ರಾಜೆಕ್ಟ್’ ಕಟ್ಟಿ, ಸಂಗ್ರಾಹಕರ ಅಟ್ಟ, ನೆಲಮಾಳಿಗೆಗಳಲ್ಲಿದ್ದ ತಟ್ಟೆಗಳನ್ನು ಹುಡುಕಿ ಗ್ರಂಥಭಂಡಾರಗಳಲ್ಲಿದ್ದ ರೀಲುಗಳಿಗೆ ಜೋಡಿಸತೊಡಗಿದರು. ಜೋಲ್ಸನ್‌ನ ‘ಎ ಪ್ಲಾಂಟೇಷನ್ ಆಕ್ಟ್’ ಕೂಡ ದೀರ್ಘಕಾಲ ಕಳೆದುಹೋಗಿದೆ ಎಂದೇ ನಂಬಿದ್ದ ಚಿತ್ರ.

ಎಲ್ಲಿಂದ ಶುರು ಮಾಡಲಿ?

ಇವುಗಳಲ್ಲಿ ಹಲವು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲು 1923ರ ಸಿಸಲ್ ಮತ್ತು ಬ್ಲೇಕ್, ಆಮೇಲೆ ಜೋಲ್ಸನ್, ಆಮೇಲೆ ‘ಪೈ, ಪೈ ಬ್ಲ್ಯಾಕ್‌ಬರ್ಡ್’. ಈ ಮೂರನ್ನು ಒಂದೇ ಸಂಜೆ ನೋಡಿ. ‘ಸೇಂಟ್ ಲೂಯಿಸ್ ಬ್ಲೂಸ್’ ಬೇರೊಂದು ದಿನಕ್ಕೆ ಇಟ್ಟುಕೊಳ್ಳಿ, ಒಳ್ಳೆಯ ಇಯರ್‌ಫೋನ್ ಇದ್ದರೆ ಮಾತ್ರ. ಮೊಬೈಲಿನ ಸ್ಪೀಕರಿಗೆ ಬೆಸ್ಸಿಯ ಕೆಳಸ್ಥಾಯಿ ದಕ್ಕುವುದಿಲ್ಲ.